ಗಾಲಿಯ ಮೇಲಿನ ಮನೆಗೆ ತಂಗುದಾಣವೆಲ್ಲಿ?

ಕುಮಟಾ–ಶಿರಸಿ ರಸ್ತೆಯಲ್ಲಿ ಚಳಿಗಾಲದಲ್ಲಿ ಸಂಚರಿಸುವವರಿಗೆ ಕತಗಾಲದ ಆಸುಪಾಸಿನ ಒಂದು ನೋಟ ಪರಿಚಿತ. ಮರದ ನೆರಳಿನಲ್ಲಿ ನಿಂತ ಟೆಂಪೊ, ಪಕ್ಕದಲ್ಲಿ ಗ್ಯಾಸ್ ಒಲೆ, ಕೊಂಬೆಗೆ ಹರವಿದ ಸೀರೆ–ಪಂಚೆಗಳು. ಗೋಕರ್ಣ, ಇಡಗುಂಜಿ, ಮುರ್ಡೇಶ್ವರ ಮುಗಿಸಿ ದೇವಿಮನೆ ಘಟ್ಟ ಹತ್ತುವ ಬಯಲುಸೀಮೆಯ ಕುಟುಂಬಗಳು ಇವು. ಶಬರಿಮಲೆ ಯಾತ್ರಿಕರೂ ಇರುತ್ತಾರೆ. ಮಂಚ, ಅಡುಗೆಕಟ್ಟೆ, ಶೌಚಾಲಯಗಳನ್ನು ಹೊತ್ತ ಕ್ಯಾರವಾನ್‌ಗಳೂ ಈಗ ಈ ಸಾಲಿಗೆ ಸೇರತೊಡಗಿವೆ. ಹೋಟೆಲುಗಳಿರುವಾಗ ಇವರಿಗೇಕೆ ಈ ಪಾಡು ಎಂದು ಕೇಳುವವರು ಸಾಮಾನ್ಯವಾಗಿ ಉತ್ತರವನ್ನೂ ತಾವೇ ಕೊಡುತ್ತಾರೆ: ಜಿಪುಣತನ.

ನಾನು ಒಪ್ಪುವುದಿಲ್ಲ. ಮೂರು ತಲೆಮಾರಿನ ಹನ್ನೆರಡು ಮಂದಿಗೆ ನಾಲ್ಕು ಕೊಠಡಿ ಬೇಕು. ಆ ಲೆಕ್ಕ ಇದ್ದದ್ದೇ. ಆದರೆ ನಮ್ಮಲ್ಲಿ ಸುಸಜ್ಜಿತ ಕ್ಯಾರವಾನಿನ ಬಾಡಿಗೆ ಒಳ್ಳೆಯ ಹೋಟೆಲಿನ ಕೊಠಡಿಗಿಂತ ಕಡಿಮೆಯೇನಲ್ಲ. ಅದನ್ನು ಆರಿಸಿಕೊಳ್ಳುವವನು ಅಗ್ಗವನ್ನಲ್ಲ, ತನ್ನದೇ ವೇಳಾಪಟ್ಟಿಯನ್ನು ಕೊಳ್ಳುತ್ತಾನೆ. ಕೊಠಡಿ ತೆರವು ಮಾಡುವ ಗಡಿಬಿಡಿ ಇಲ್ಲ. ಸಕ್ಕರೆ ಕಾಯಿಲೆಯ ಅಜ್ಜನಿಗೆ ಹೊತ್ತಿಗೆ ಸರಿಯಾಗಿ ಮನೆಯ ರೊಟ್ಟಿ ಸಿಗುತ್ತದೆ, ಮಡಿಯ ಅಜ್ಜಿಯೂ ಉಪವಾಸ ಬೀಳಬೇಕಾಗಿಲ್ಲ. ಎಲ್ಲಕ್ಕಿಂತ ಮಿಗಿಲಾದುದು ಶೌಚಾಲಯ. ವಯಸ್ಸಾದ ತಾಯಿಯೊಂದಿಗೆ ನಮ್ಮ ಹೆದ್ದಾರಿಗಳಲ್ಲಿ ಇನ್ನೂರು ಕಿಲೋಮೀಟರ್ ಪ್ರಯಾಣ ಮಾಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹೋಟೆಲಿನ ಬಿಲ್ಲಿನಲ್ಲಿ ಕಾಣದ ಇಂಥ ವೆಚ್ಚಗಳನ್ನು ಗೃಹಿಣಿಯರು ಅರ್ಥಶಾಸ್ತ್ರಜ್ಞರಿಗಿಂತ ಚೆನ್ನಾಗಿ ಬಲ್ಲರು.

ಈ ದಾರಿಗೆ ಇದು ಹೊಸದೂ ಅಲ್ಲ. 1861–65ರ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಗಗನಕ್ಕೇರಿದಾಗ ಧಾರವಾಡ ಸೀಮೆಯ ಹತ್ತಿ ಎತ್ತಿನ ಬಂಡಿಗಳಲ್ಲಿ ಘಟ್ಟವಿಳಿದು ಕುಮಟಾ ಬಂದರಿಗೆ ಬರುತ್ತಿತ್ತು. ವಿಲಾಯತಿಯ ಮಾರುಕಟ್ಟೆಯಲ್ಲಿ ಅದಕ್ಕೆ ಕುಮಟೆಯದೇ ಹೆಸರು. ಬಂಡಿಯವರು ಬಂಡಿಯ ಪಕ್ಕದಲ್ಲೇ ಬೇಯಿಸಿ, ಬಂಡಿಯ ಅಡಿಯಲ್ಲೇ ಮಲಗುತ್ತಿದ್ದರು. ಆ ಶತಮಾನದ ಕೊನೆಯಲ್ಲಿ ಮುರ್ಮಗೋವಾ ಬಂದರಿಗೆ ರೈಲು ಹಳಿ ಬಿದ್ದ ಮೇಲೆ ವ್ಯಾಪಾರ ಅತ್ತ ಸರಿಯಿತು.

ಆದರೆ ಬಂಡಿಯವನು ಬಿಟ್ಟುಹೋದದ್ದು ಬೂದಿ ಮತ್ತು ಸಗಣಿ. ಇಂದಿನ ಪ್ರವಾಸಿ ಬಿಡುವುದು ಪ್ಲಾಸ್ಟಿಕ್ ತಟ್ಟೆ, ಸಾಬೂನಿನ ನೀರು. ಕ್ಯಾರವಾನಿನದು ತುಂಬಿದ ಮಲದ ತೊಟ್ಟಿ. ಯಾಣದ ಕಡೆಯಿಂದ ಬರುವ ಚಂಡಿಕಾ ಹೊಳೆ ಉಪ್ಪಿನಪಟ್ಟಣದ ಬಳಿ ಅಘನಾಶಿನಿಯನ್ನು ಸೇರುತ್ತದೆ. ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸಾರ್ ತಾಣವಾಯಿತು. ಅಲ್ಲಿ ಬಳಚು ಆರಿಸಿ ಬದುಕುವ ಕುಟುಂಬಗಳಿವೆ. ಪ್ರವಾಸಿ ಉಳಿಸಿಕೊಂಡ ಅನುಕೂಲದ ಬೆಲೆಯನ್ನು ಅವರು ತೆರಬೇಕೇ?

ಜೀವದ ಪ್ರಶ್ನೆಯೂ ಇದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಕುಸಿದ ಗುಡ್ಡ ಹೆದ್ದಾರಿ ಬದಿಯ ಚಹಾದಂಗಡಿಯನ್ನೂ ಅಲ್ಲಿ ನಿಂತಿದ್ದ ವಾಹನಗಳನ್ನೂ ಗಂಗಾವಳಿ ನದಿಗೆ ನೂಕಿತು. ಕಡಿದ ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಬಾರದೆಂದು ಫಲಕ ಹಾಕಬಹುದು. ಮತ್ತೆಲ್ಲಿ ನಿಲ್ಲಿಸಬೇಕೆಂದು ಹೇಳುವವರಾರು?

ಕೇರಳ 2021ರಲ್ಲೇ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದು ಖಾಸಗಿಯವರ ಮೂಲಕ ತಂಗುದಾಣಗಳಿಗೆ ದಾರಿ ಮಾಡಿತು. ನಮಗೆ ಐಷಾರಾಮಿ ಉದ್ಯಾನ ಬೇಡ. ಘಟ್ಟ ಹತ್ತುವ ಮುನ್ನ ಸಿಗುವ, ಯಾಣಕ್ಕೆ ಹೋಗುವವರಿಗೂ ಒದಗುವ ಕತಗಾಲದಂಥ ಊರಿನಲ್ಲಿ ಭೂವಿಜ್ಞಾನಿಗಳು ಸುರಕ್ಷಿತವೆಂದು ಗುರುತಿಸಿದ ಒಂದೆರಡು ಎಕರೆ ಸಾಕು. ನೀರು, ಶೌಚಾಲಯ, ಒಲೆ ಹೂಡಲು ಕಟ್ಟೆ, ತೊಟ್ಟಿ ಬರಿದು ಮಾಡಲು ಹೊಳೆಯಿಂದ ದೂರದಲ್ಲೊಂದು ಗುಂಡಿ. ಬಸ್ ನಿಲ್ದಾಣ, ಸಂತೆಗಳಿಗೆ ಶುಲ್ಕ ವಿಧಿಸಿ ಅಭ್ಯಾಸವಿರುವ ಗ್ರಾಮ ಪಂಚಾಯತಿಗೆ ಇದರ ನಿರ್ವಹಣೆ ಕಷ್ಟವಲ್ಲ. ಹೋಟೆಲಿನವರು ಗಿರಾಕಿ ತಪ್ಪಿತೆಂದು ಮುನಿಸಿಕೊಂಡಾರು. ಆದರೆ ಹೀಗೆ ಬರುವವರು ಅವರ ಗಿರಾಕಿಗಳಾಗಿರಲೇ ಇಲ್ಲ. ಇವರಿಗೆ ಬೇಕಾದ ಹಾಲು, ತರಕಾರಿ, ತೆಂಗಿನಕಾಯಿ ಮಾತ್ರ ಊರಿನಲ್ಲೇ ಮಾರಾಟವಾಗುತ್ತವೆ.