ಕೈಯ ದೋಷ ಕೈಯಲ್ಲಿಯೇ ಇರದು

ಮಿದುಳಿನ ನಟ್ಟನಡುವೆ, ಎಡಬಲಗಳಲ್ಲಿ ಒಂದೊಂದರಂತೆ, ಸುಮಾರು 3 ಸೆಂಟಿಮೀಟರ್ ಉದ್ದದ, ಮೊಟ್ಟೆಯಾಕಾರದ ಎರಡು ಭಾಗಗಳಿವೆ. ಇವುಗಳಿಗೆ ಥಲಾಮಸ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಒಳಕೋಣೆಯೆಂದರ್ಥ. ನೋಟ, ಶಬ್ದ, ರುಚಿ, ಸ್ಪರ್ಶಗಳೆಲ್ಲವೂ ಇಲ್ಲಿಗೆ ಬಂದೇ ಮಿದುಳಿನ ಹೊರಪದರಕ್ಕೆ ಸಾಗಬೇಕು. ವಾಸನೆಗೆ ಮಾತ್ರ ಬೇರೆ ದಾರಿಯುಂಟು. ಕಾನಹೊಸಹಳ್ಳಿಯಲ್ಲಿ ಇಳಿದವರು ತಂತಮ್ಮ ಊರಿನ ಬಸ್ಸು ಹಿಡಿಯುವಂತೆ ಪ್ರತಿಯೊಂದು ಸಂದೇಶವೂ ಇಲ್ಲಿ ತನ್ನ ಹಾದಿ ಹಿಡಿಯುತ್ತದೆ. ಕೈಕಾಲುಗಳ ಚಲನೆಯನ್ನು ಹದಗೊಳಿಸುವ ಸಂದೇಶಗಳೂ ಇಲ್ಲಿಯೇ ಹಾಯುತ್ತವೆ.

2017ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಗಿಟಾರ್ ವಾದಕರೊಬ್ಬರಿಗೆ ಶಸ್ತ್ರಚಿಕಿತ್ಸೆ ನಡೆಯಿತು. ವಾದ್ಯ ನುಡಿಸಹೋದರೆ ಅವರ ಎಡಗೈಯ ಬೆರಳುಗಳು ಸೆಟೆದುಕೊಳ್ಳುತ್ತಿದ್ದವು. ವೈದ್ಯರು ಅವರನ್ನು ಎಚ್ಚರದಲ್ಲಿಯೇ ಇರಿಸಿ, ಗಿಟಾರ್ ನುಡಿಸಲು ಹೇಳಿ, ಥಲಾಮಸ್ಸಿನ ಒಂದು ಸಣ್ಣ ಎಡೆಯನ್ನು ಗುರುತಿಸಿ ಸುಟ್ಟರು, ಬೆರಳುಗಳು ಸಡಿಲಗೊಂಡವು. ಕೈಗೆ ಅವರು ಏನನ್ನೂ ಮಾಡಲಿಲ್ಲ.

ಇದರಿಂದ ನಾವು ಅರಿಯಬೇಕಾದ ಮಾತೊಂದಿದೆ. ರಕ್ತದೊತ್ತಡ ಏರಿದವರಲ್ಲಿ ಥಲಾಮಸ್ಸಿನ ಕಿರುರಕ್ತನಾಳ ಒಡೆದರೆ ಅಥವಾ ಕಟ್ಟಿಕೊಂಡರೆ ಮೈಯ ಒಂದು ಪಾರ್ಶ್ವ ಥಟ್ಟನೆ ಜೋಮು ಹಿಡಿಯಬಹುದು. ಮನೆಯ ಹಿರಿಯರಿಗೆ ಹೀಗಾದಾಗ ಕೈಗೆ ಎಣ್ಣೆ ತಿಕ್ಕುತ್ತ ಬೆಳಗಾಗಲೆಂದು ಕಾಯುವುದು ತರವಲ್ಲ. ನಾಳ ಕಟ್ಟಿದ್ದರೆ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಒಡೆದಿದೆಯೋ ಕಟ್ಟಿದೆಯೋ ಎಂಬುದನ್ನು ಸ್ಕ್ಯಾನ್ ಮಾತ್ರ ಹೇಳಬಲ್ಲದು. ಆದುದರಿಂದ ಒಡನೆಯೇ 108ಕ್ಕೆ ಕರೆಮಾಡಿ, ಆ ಸೌಲಭ್ಯವುಳ್ಳ ಆಸ್ಪತ್ರೆಗೆ ಕರೆದೊಯ್ಯುವುದೇ ನಾವು ಹಿರಿಯರಿಗೆ ಸಲ್ಲಿಸುವ ಸೇವೆ.