ನಾಲ್ಕು ಗೆರೆಯ ಪುಸ್ತಕ

ಹುಬ್ಬಳ್ಳಿಯ ಕೇಶ್ವಾಪುರ ದಾಟಿ ಸುಳ್ಳದ ದಾರಿ ಹಿಡಿದರೆ ಎರಡೂ ಬದಿಗೆ ಎರೆಹೊಲ. ಆ ಊರಿನ ನಮ್ಮ ದೊಡ್ಡಪ್ಪನ ಮನೆಯ ಪಡಸಾಲೆಯಲ್ಲಿ, ಜಗಲಿಯ ಪಕ್ಕದ ಗೂಡಿನೊಳಗೆ ಆರು ಪುಸ್ತಕಗಳಿದ್ದವು. ಆರಕ್ಕೂ ಒಂದೇ ಅರಿವೆಯ ಹೊದಿಕೆ. ದೊಡ್ಡವ್ವ ತನ್ನ ಹರಿದ ಇಳಕಲ್ ಸೀರೆಯ ಒಡಲನ್ನು ಕತ್ತರಿಸಿ ಹೊಲಿದದ್ದು. ಪ್ರತಿ ಹೊದಿಕೆಯ ಮೂಲೆಯಲ್ಲಿ ಬಿಳಿ ದಾರದ ಸಣ್ಣ ಗೆರೆಗಳು, ಒಂದರಿಂದ ಆರರ ತನಕ. ದೊಡ್ಡವ್ವನಿಗೆ ಓದು ಬಾರದು. ದೊಡ್ಡಪ್ಪ ಸಂಜೆ ಕಂಬಳಿ ಹಾಸಿಕೊಂಡು ಕೂತು "ನಾಕು ಗೆರೀದು ಕೊಡ ಇಲ್ಲೆ" ಎಂದರೆ, ಅವಳು ಮೂಲೆಯ ಮೇಲೆ ಹೆಬ್ಬೆರಳಾಡಿಸಿ ಅದನ್ನೇ ತೆಗೆದುಕೊಡುತ್ತಿದ್ದಳು.

ಅವು ನಿಜಗುಣ ಶಿವಯೋಗಿಗಳ ಕೃತಿಗಳು: ಕೈವಲ್ಯ ಪದ್ಧತಿ, ಪರಮಾನುಭವ ಬೋಧೆ, ಪರಮಾರ್ಥ ಗೀತೆ, ಅನುಭವಸಾರ, ಪರಮಾರ್ಥ ಪ್ರಕಾಶಿಕೆ, ವಿವೇಕ ಚಿಂತಾಮಣಿ. ಹುಬ್ಬಳ್ಳಿಯ ಸಿದ್ಧಾರೂಢರ ದಾರಿಯಲ್ಲಿ ನಡೆಯುವವರಿಗೆ ಇವು 'ಶಾಸ್ತ್ರ'. ಒಬ್ಬರೇ ಕೂತು ಓದಿ ಮುಗಿಸುವ ಪುಸ್ತಕಗಳಲ್ಲ ಇವು. ಬಲ್ಲವರೊಬ್ಬರು ಬಿಡಿಸಿ ಹೇಳಬೇಕು, ಉಳಿದವರು ಕೇಳಬೇಕು.

ಕೆಲವು ವರ್ಷಗಳ ಹಿಂದೆ ಪರಿಚಯದ ಹಿರಿಯರೊಬ್ಬರು ಈ ಆರನ್ನೂ ಹೊಸದಾಗಿ ಅಚ್ಚು ಹಾಕಿಸುವ ಉಮೇದಿನಲ್ಲಿ ನನ್ನ ಹತ್ತಿರ ಬಂದರು. ಮುಖಪುಟ ಮಾಡುವುದು ನನ್ನ ಹೊಟ್ಟೆಪಾಡು. "ಆರೂ ಒಂದ ಮನೀವು ಅನ್ನಿಸಬೇಕು. ನೋಡಿದ ಕೂಡ್ಲೆ ಒಳಗ ಏನೋ ಗೂಢ ಐತಿ ಅನ್ನಿಸಬೇಕು" ಎಂದರು. ಒಪ್ಪಿಕೊಂಡೆ. ಆ ಒಂದು ಮಾತಿನಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ ಎಂಬುದು ಆಗ ಹೊಳೆಯಲಿಲ್ಲ. ಹಲವು ಪುಸ್ತಕಗಳನ್ನು ಒಂದು ಮಾಲೆಯಾಗಿ ಕಟ್ಟುವುದು ಯಾವುದು? ಮತ್ತು, ಗೂಢವಾದದ್ದನ್ನು ಗೂಢವೆಂದು ಹೊರಗೆ ಸಾರಬೇಕೆ?

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಕಡುನೀಲಿ ಹಿನ್ನೆಲೆ, ಧ್ಯಾನಕ್ಕೆ ಕೂತ ಆಕೃತಿ, ಬೆನ್ನುಹುರಿಗುಂಟ ಏಳು ಬಣ್ಣದ ಚಕ್ರಗಳು, ತಲೆಯ ಮೇಲೆ ಸಾವಿರ ದಳದ ಕಮಲ, ಸುತ್ತ ಹೊನ್ನಿನ ಪ್ರಭೆ. ಆರಕ್ಕೆ ಆರು ಬಗೆಯ ನೀಲಿ. ಸುಳ್ಳಕ್ಕೆ ಹೋದಾಗ ಪ್ರಿಂಟ್ ತೆಗೆಸಿ ದೊಡ್ಡವ್ವನ ಮುಂದೆ ಹರಡಿದೆ. ಅವಳು ಕಣ್ಣು ಕಿರಿದು ಮಾಡಿ ನೋಡಿ ಕೇಳಿದಳು: "ಏನೋ ತಮ್ಮಾ, ಊದಿನಕಡ್ಡಿ ಡಬ್ಬಿ ಮಾಡಾಕ ಹತ್ತೀಯೇನು?"

ನಗು ಬಂತು, ಸಿಟ್ಟೂ ಬಂತು. ಹುಬ್ಬಳ್ಳಿಗೆ ಮರಳುವ ಬಸ್ಸಿನಲ್ಲಿ ಕೂತು ಯೋಚಿಸಿದರೆ, ಅವಳು ವಿಮರ್ಶೆಯನ್ನೇ ಮಾಡಿದ್ದಳು. ಆ ಚಿತ್ರ ಯಾವ ಪುಸ್ತಕದ್ದೂ ಆಗಿರಲಿಲ್ಲ. ಪರಿಮಳಕ್ಕೂ ಅದೇ, ಯೋಗದ ಕ್ಲಾಸಿಗೂ ಅದೇ, ಮೊಣಕಾಲಿನ ಎಣ್ಣೆಗೂ ಅದೇ. ಎಲ್ಲದಕ್ಕೂ ಹೊಂದುವ ಗುರುತು ಯಾವುದನ್ನೂ ಗುರುತಿಸುವುದಿಲ್ಲ.

ಗುಟ್ಟಿನ ಗ್ರಂಥಗಳು ನಮ್ಮ ನಾಡಿನಲ್ಲಿ ನಿಜಕ್ಕೂ ಹೇಗಿದ್ದವು ಎಂಬುದನ್ನು ನೋಡಬೇಕು. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಕಾಪಾಡಿದ ಧವಲಾ ಮೊದಲಾದ ತಾಳೆಗರಿ ಗ್ರಂಥಗಳು ಶತಮಾನಗಳ ಕಾಲ ದರ್ಶನಕ್ಕೆ ಸಿಗುತ್ತಿದ್ದವೇ ಹೊರತು ಓದಿಗೆ ಸುಲಭವಾಗಿ ಸಿಗುತ್ತಿರಲಿಲ್ಲ. ಅವುಗಳಲ್ಲಿ ಬಣ್ಣದ ಚಿತ್ರಗಳಿವೆ. ಆದರೆ ಅವು ಇರುವುದು ಒಳಗಿನ ಗರಿಗಳ ಮೇಲೆ, ಅಕ್ಷರಗಳ ಮಗ್ಗುಲಲ್ಲಿ. ಕಟ್ಟು ಬಿಚ್ಚಿದವನಿಗಷ್ಟೇ ಬಣ್ಣ. ಮಠಗಳ ವಚನದ ಕಟ್ಟುಗಳೂ ಹಾಗೆಯೇ ಅರಿವೆ ಸುತ್ತಿಕೊಂಡು ಗೂಡಿನಲ್ಲಿದ್ದವು. ನಿಜವಾಗಿ ಮುಚ್ಚಿಟ್ಟದ್ದಕ್ಕೆ 'ನಾನು ಮುಚ್ಚಿದ್ದೇನೆ' ಎಂದು ಹೇಳಿಕೊಳ್ಳುವ ಅಗತ್ಯವಿರಲಿಲ್ಲ.

ಅಚ್ಚು ಬಂದಮೇಲೆ ಆ ಮುಚ್ಚಿಗೆಯೂ ಹೋಯಿತು. ಧಾರವಾಡದಲ್ಲಿ ಹುಟ್ಟಿದ ಫ.ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು, ಮುಂದೆ ವಿಜಯಪುರದಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯ ಹಾಕಿದರು. ಧವಲಾ ಟೀಕೆ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಿಂದ ಮೊದಲುಗೊಂಡು 16 ಸಂಪುಟಗಳಲ್ಲಿ ಅಚ್ಚಾಯಿತು. ಕಾಸು ಕೊಟ್ಟವರಿಗೆಲ್ಲ ಪುಸ್ತಕ ಸಿಗುವಂತಾದ ಮೇಲೆ ಗುಟ್ಟು ಉಳಿದದ್ದು ಒಂದೇ ಜಾಗದಲ್ಲಿ, ತಿಳಿವಿನಲ್ಲಿ. ಪುಸ್ತಕ ತೆರೆದು ಕೂತರೂ ಅರ್ಥ ತೆರೆಯಬೇಕಲ್ಲ! ಹಾಗಿದ್ದಮೇಲೆ ಬೆಲೆ ಅಚ್ಚು ಹಾಕಿ ಜಾತ್ರೆಯಲ್ಲಿ ಮಾರುವ ಪುಸ್ತಕಕ್ಕೆ ಬೀಗ ಹಾಕಿದ ಪೆಟ್ಟಿಗೆಯ ವೇಷ ಹಾಕುವುದು ಸುಳ್ಳು ಹೇಳಿದಂತೆ.

ಗೂಢವನ್ನು ನುಡಿಯುವ ನಮ್ಮ ರೀತಿಯೂ ಬೇರೆ. ಅಲ್ಲಮನ ಬೆಡಗಿನ ವಚನಗಳಲ್ಲಿ ಬರುವುದು ಕಪ್ಪೆ, ಹಾವು, ಮರ, ತುಂಬಿ. ಇಲ್ಲಿಂದ ದೂರವೇನೂ ಅಲ್ಲದ ಶಿಶುನಾಳದ ಶರೀಫರು (1819–1889) ತತ್ವ ಹೇಳಿದ್ದು ಕೋಳಿ, ಕೋಡಗ, ಸೋರುವ ಮಾಳಿಗೆಯ ಮೂಲಕ. ಹಿತ್ತಲಲ್ಲಿ ಕಾಣುವ ವಸ್ತುವನ್ನೇ ಮುಂದಿಟ್ಟು, ಇದರೊಳಗೆ ಇನ್ನೊಂದಿದೆ ಎಂಬ ಅನುಮಾನ ಹುಟ್ಟಿಸಿ ಸುಮ್ಮನಾಗುವುದು ಬೆಡಗು. ಪ್ರಭೆ ಹೊಮ್ಮಿಸುವ ಚಿತ್ರ ಮಾಡುವುದು ತದ್ವಿರುದ್ಧ. ಅದು ಕಾಣದ್ದನ್ನು ಕಂಡಂತೆ ನಟಿಸಿ, ಕೇಳುವ ಆಸೆಯನ್ನೇ ತಣಿಸಿಬಿಡುತ್ತದೆ.

ಚಿತ್ರವೇ ಬೋಧೆಯಾದ ಪರಂಪರೆಗಳಿಲ್ಲವೆ ಎಂದರೆ, ಇವೆ. ಶ್ರೀಚಕ್ರವನ್ನೇ ನೋಡಿ. ಒಂಬತ್ತು ದೊಡ್ಡ ತ್ರಿಕೋನಗಳು ಒಂದನ್ನೊಂದು ಕತ್ತರಿಸಿ 43 ಸಣ್ಣ ತ್ರಿಕೋನಗಳಾಗಬೇಕು. ಗೆರೆಗಳು ಕೂಡುವಲ್ಲಿ ಕೂಡದಿದ್ದರೆ ಅದು ಶ್ರೀಚಕ್ರವಲ್ಲ, ಬರೀ ನಕ್ಷೆ. ಇಂಟರ್‌ನೆಟ್ಟಿನಿಂದ ಇಳಿಸಿಕೊಂಡು, ಜಾಗಕ್ಕೆ ಹೊಂದುವಂತೆ ಎಳೆದು ಹಿಗ್ಗಿಸಿ, ಮೇಲೆ ಬಾರ್‌ಕೋಡು ಅಂಟಿಸಿದ ಯಂತ್ರವನ್ನು ಉಪಾಸಕರು ನೋಡಿದರೆ ಏನೆಂದಾರು? ಎಲ್ಲಿ ಚಿತ್ರಕ್ಕೆ ನಿಜವಾದ ಬಲವಿದೆಯೋ ಅಲ್ಲಿ ಅದನ್ನು ಶೃಂಗಾರಕ್ಕೆ ಬಳಸುವ ಹಕ್ಕು ಕಡಿಮೆ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಶಿವರಾತ್ರಿಯ ಹೊತ್ತಿಗೆ ಸಿದ್ಧಾರೂಢರ ಜಾತ್ರೆಯಲ್ಲಿ ತಾಡಪತ್ರಿಯ ಮೇಲೆ ಹರಡಿದ ಪುಸ್ತಕಗಳ ಮುಂದೆ ನಿಲ್ಲುವ ರೈತ ಕೈಹಾಕುವುದು ಸ್ವಾಮಿಗಳ ಫೋಟೋ ಇರುವುದಕ್ಕೇ. ಅವನು ಅದನ್ನು ಮೊದಲು ಕಣ್ಣಿಗೊತ್ತಿಕೊಂಡು ಆಮೇಲೆ ಬೆಲೆ ಕೇಳುತ್ತಾನೆ. ಅವನಿಗೆ ಆ ಫೋಟೋ ಜಾಹೀರಾತಲ್ಲ, ದರ್ಶನ. ಅದನ್ನು ತೆಗೆದು ಬೋಳು ಹೊದಿಕೆ ಕೊಡುವುದು ಓದಿದವರ ಗತ್ತು ಎಂದು ಯಾರಾದರೂ ಬೈದರೆ ನಾನು ತಲೆತಗ್ಗಿಸಿಯೇ ಕೇಳಬೇಕು. ಚರಿತ್ರೆಯ ಪುಸ್ತಕಕ್ಕೆ ಗುರುವಿನ ಮುಖ ಇರಲಿ, ಇರಲೇಬೇಕು. ಆದರೆ ನಿಜಗುಣರು ಕ್ಯಾಮೆರಾ ಹುಟ್ಟುವುದಕ್ಕೆ ಶತಮಾನಗಳ ಮೊದಲಿನವರು. ನಾನು ಬರೆಯುವ ಮುಖ ನನ್ನ ಕಲ್ಪನೆಯದಷ್ಟೇ. ಗಡ್ಡ ಹಚ್ಚಿ, ರುದ್ರಾಕ್ಷಿ ಹಾಕಿ, ಇವರೇ ಅವರು ಎಂದು ಆರು ಸಲ ಸಾಕ್ಷಿ ನುಡಿಯಲು ಮನಸ್ಸು ಒಪ್ಪಲಿಲ್ಲ. ಕಣ್ಣಿಗೊತ್ತಿಕೊಳ್ಳುವವರಿಗಾಗಿ ಮೊದಲ ಒಳಪುಟದಲ್ಲಿ ಒಂದು ಸಾದಾ ಲಿಂಗದ ರೇಖಾಚಿತ್ರ ಇಟ್ಟೆವು. ನಿಜಗುಣರ ಅಂಕಿತ ಶಂಭುಲಿಂಗ. ಒಳಗಿದ್ದರೆ ಅದರ ಮೇಲೆ ಚಹಾದ ಲೋಟ ಇಡುವವರೂ ಇರುವುದಿಲ್ಲ.

ಇನ್ನು ಉಳಿದ ಪ್ರಶ್ನೆ, ಮಾಲೆಯ ಒಗ್ಗಟ್ಟಿನದು. ಇಲ್ಲಿಯೂ ಸುಲಭದ ಉಪಾಯ ಒಂದಿದೆ. ಒಂದೇ ದೊಡ್ಡ ಚಿತ್ರವನ್ನು ಆರು ಬೆನ್ನುಗಳ ಮೇಲೆ ಹಂಚುವುದು. ಕಪಾಟಿನಲ್ಲಿ ಸಾಲಾಗಿಟ್ಟಾಗ ಚೆಂದ. ಆದರೆ ವಿವೇಕ ಚಿಂತಾಮಣಿ ಒಂದು ವಿಶ್ವಕೋಶ, ಅದರ ಬೆನ್ನು ದಪ್ಪ. ಪರಮಾರ್ಥ ಗೀತೆಯ ಬೆನ್ನಿನ ಮೇಲೆ ಹೆಸರು ಹಿಡಿದರೆ ಪುಣ್ಯ. ಮೇಲಾಗಿ ಜನ ಆರನ್ನೂ ಒಟ್ಟಿಗೆ ಕೊಳ್ಳುವುದಿಲ್ಲ. ಪದ ಹಾಡುವವರು ಕೈವಲ್ಯ ಪದ್ಧತಿ ಒಂದನ್ನೇ ಒಯ್ಯುತ್ತಾರೆ. ಅವರ ಮನೆಯಲ್ಲಿ ಉಳಿಯುವುದು ದೇವರ ಒಂದು ಮೊಣಕೈ. ಬಣ್ಣವನ್ನು ನಂಬಿದರೂ ಕಷ್ಟವೇ. ಮಾಲೆಯ ಮೊದಲ ಪುಸ್ತಕ ಒಂದು ಪ್ರೆಸ್ಸಿನಲ್ಲಿ, ಕೊನೆಯದು ಐದಾರು ವರ್ಷದ ಮೇಲೆ ಇನ್ನೊಂದು ಪ್ರೆಸ್ಸಿನಲ್ಲಿ. ಅಲ್ಲಿಯ ಕುಂಕುಮ ಇಲ್ಲಿ ಇಟ್ಟಂಗಿ ಬಣ್ಣವಾಗಿರುತ್ತದೆ.

ಹಾಗಾದರೆ ಯಾವುದು ಉಳಿಯುತ್ತದೆ? ನನಗೆ ಉತ್ತರ ಸಿಕ್ಕಿದ್ದು ಕಸೂತಿಯಲ್ಲಿ. ಧಾರವಾಡ ಸೀಮೆಯ ಕಸೂತಿಗೆ ಹೊಲಿಗೆ ನಾಲ್ಕೇ: ಗವಂತಿ, ಮುರಗಿ, ನೇಯ್ಗಿ, ಮೆಂತೆ. ಅರಿವೆಯ ಮೇಲೆ ಮೊದಲೇ ನಕ್ಷೆ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಅದೇ ನಾಲ್ಕರಲ್ಲಿ ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು ಎಲ್ಲ ಮೂಡುತ್ತವೆ. ಆನೆಗೂ ತುಳಸಿಕಟ್ಟೆಗೂ ರೂಪದಲ್ಲಿ ಯಾವ ಸಂಬಂಧವೂ ಇಲ್ಲ. ಆದರೂ ಒಂದೇ ಸೆರಗಿನಲ್ಲಿ ಅವು ಒಂದೇ ಮನೆಯವು, ಏಕೆಂದರೆ ಎಣಿಕೆ ಒಂದೇ. ಚಿತ್ರ ಬೇರೆಯಾದರೂ ಕಟ್ಟುವ ಶಿಸ್ತು ಒಂದಾದರೆ ಒಗ್ಗಟ್ಟು ತಾನಾಗಿ ಬರುತ್ತದೆ.

ಇಂಗ್ಲೆಂಡಿನ ಪೆಂಗ್ವಿನ್ ಪ್ರಕಾಶನದ ಕತೆಯೂ ಇದೇ. 1935ರಲ್ಲಿ ಶುರುವಾದಾಗ ಅದರ ಹೊದಿಕೆಗೆ ಮೂರು ಅಡ್ಡಪಟ್ಟಿ: ಕಾದಂಬರಿಗೆ ಕಿತ್ತಳೆ, ಪತ್ತೇದಾರಿಗೆ ಹಸಿರು. 1947ರಲ್ಲಿ ಬಂದ ವಿನ್ಯಾಸಕಾರ ಯಾನ್ ಚಿಕೋಲ್ಡ್ ಹೊಸ ಚಿತ್ರಗಳ ಬೆನ್ನು ಹತ್ತುವ ಬದಲು ಅಕ್ಷರ ಜೋಡಣೆಗೆ ನಾಲ್ಕು ಪುಟದ ನಿಯಮಾವಳಿ ಬರೆದರು. ಎಲ್ಲಿ ಎಷ್ಟು ಜಾಗ ಬಿಡಬೇಕೆಂಬುದು ಗೊತ್ತಾದ ಮೇಲೆ ಯಾವ ಊರಿನ ಪ್ರೆಸ್ಸಿನಿಂದ ಬಂದರೂ ಪುಸ್ತಕದ ಮನೆತನ ಗೊತ್ತಾಗುತ್ತಿತ್ತು.

ನಮ್ಮಲ್ಲಿ ಈ ತಿಳಿವು ಅಂಕಿತದ ರೂಪದಲ್ಲಿ ಹನ್ನೆರಡನೆಯ ಶತಮಾನದಿಂದಲೇ ಇದೆ. ವಚನದ ಒಡಲು ಎಷ್ಟು ಬಗೆಯದಾದರೂ ಆಗಲಿ, ಕೂಡಲಸಂಗಮದೇವ ಎಂದರೆ ಬಸವಣ್ಣ, ಗುಹೇಶ್ವರ ಎಂದರೆ ಅಲ್ಲಮ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಬಂದ ಸಮಗ್ರ ವಚನ ಸಂಪುಟಗಳು 15. ಎಷ್ಟೋ ಶತಮಾನ ಕಟ್ಟುಗಳಲ್ಲಿ ಕಲೆತು ಬಿದ್ದಿದ್ದ ಅಷ್ಟು ವಚನಗಳನ್ನು ಒಬ್ಬೊಬ್ಬರ ಹೆಸರಿಗೆ ಹಚ್ಚಲು ವಿದ್ವಾಂಸರಿಗೆ ದೊಡ್ಡ ಆಸರೆಯಾದದ್ದು ಅಂಕಿತ. ಅದು ಮುಂದೆ ಬಂದು ಮೆರೆಯುವುದಿಲ್ಲ. ಮಾತೆಲ್ಲ ಮುಗಿದಮೇಲೆ ಕಡೆಗೆ ಬಂದು ನಿಲ್ಲುತ್ತದೆ. ಮಾಲೆಯ ಮುದ್ರೆಗೂ ಅದೇ ಜಾಗ ಸರಿ: ಕೆಳಗೆ, ಸಣ್ಣದಾಗಿ, ಆರರಲ್ಲೂ ಕೂದಲೆಳೆಯಷ್ಟೂ ಕದಲದಂತೆ.

ಶಿಸ್ತು ಎಂದೆ. ಅದನ್ನು ಅಕ್ಷರವೇ ಕಲಿಸಿತು. ಆರು ಹೆಸರುಗಳಲ್ಲಿ ಮೂರು 'ಪರಮಾ' ಎಂದೇ ಶುರುವಾಗುತ್ತವೆ. ದೂರದಿಂದ ಮೂರೂ ಒಂದೇ. 'ಅನುಭವಸಾರ'ಕ್ಕೆ ಒಂದೂ ಒತ್ತಕ್ಷರವಿಲ್ಲ, ಗೆರೆ ಎಳೆದಂತೆ ಸಪಾಟು ಕೂಡುತ್ತದೆ. 'ಕೈವಲ್ಯ ಪದ್ಧತಿ'ಯಲ್ಲಿ ಎರಡು ಒತ್ತುಗಳು ಕಾಲು ಚಾಚುತ್ತವೆ. ಇಂಗ್ಲಿಷ್ ಹೆಸರಿಗೆ ಮಾಡಿದ ಅಳತೆಯ ಪಟ್ಟಿಯೊಳಗೆ ಕೂರಿಸಿದರೆ ಧಕಾರದ ಒತ್ತು ಕೆಳಗಿನ ಅಂಚಿಗೆ ತಾಗಿ ಕುಂಟುತ್ತದೆ. ಅದಕ್ಕೇ ಕೆಳಗಿನ ಜಾಗವನ್ನು ಒತ್ತಿರುವ ಹೆಸರಿಗೆ ಅಳೆದು, ಒತ್ತಿಲ್ಲದವಕ್ಕೂ ಅಷ್ಟೇ ಜಾಗ ಬಿಟ್ಟೆ. 'ಅನುಭವಸಾರ'ದ ಕೆಳಗೆ ಹಾಗೆ ಉಳಿದ ಬಯಲು ಆ ಹೆಸರಿಗೆ ಚೆನ್ನಾಗಿಯೇ ಒಪ್ಪಿತು.

ಪ್ರತಿ ಪುಸ್ತಕಕ್ಕೂ ಒಂದು ಗುರುತು ಬೇಕಿತ್ತಲ್ಲ, ಅದನ್ನು ಒಳಗಿನ ತತ್ವದಿಂದ ತೆಗೆಯುವ ಆಸೆ ಬಿಟ್ಟು ಪುಸ್ತಕ ಕಟ್ಟಿದ ರೀತಿಯಿಂದ ತೆಗೆದೆ. ಅನುಭವಸಾರ ಇರುವುದು ತ್ರಿಪದಿಯಲ್ಲಿ. ಹಾಗಾಗಿ ಮೂರು ಅಡ್ಡಗೆರೆ, ಅಷ್ಟೇ. ಮಣ್ಣುಬಣ್ಣದ ಖಾದಿಯಂಥ ಕಾಗದದ ಮೇಲೆ ಬಿಳಿಯ ಮೂರು ಗೆರೆ ಎಳೆದು ದೂರ ಸರಿದು ನೋಡಿದರೆ ಹಣೆಯ ಮೇಲಿನ ವಿಭೂತಿ! ನಾನು ಹುಡುಕಿದ್ದು ಛಂದಸ್ಸನ್ನು, ಕಂಡದ್ದು ಇನ್ನೊಂದನ್ನು. ಭಕ್ತರು ವಿಭೂತಿ ನೋಡಲಿ, ಪದ ಬಲ್ಲವರು ತ್ರಿಪದಿ ಎಣಿಸಲಿ, ಯಾವುದೂ ಬೇಡದವರಿಗೆ ಮೂರು ಗೆರೆ. ಬೆಡಗು ಮಾಡುವುದೂ ಇಷ್ಟನ್ನೇ ಎಂದು ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ.

ಪುಸ್ತಕ ಅಚ್ಚಾಗಿ ಬಂದಾಗ ಒಂದು ಪ್ರತಿಯನ್ನು ಸುಳ್ಳಕ್ಕೆ ಒಯ್ದೆ. ದೊಡ್ಡಪ್ಪ ಹೋಗಿ ವರ್ಷವಾಗಿತ್ತು. ದೊಡ್ಡವ್ವ ಅದನ್ನು ಕೈಗೆ ತಗೊಂಡು ಹೆಬ್ಬೆರಳಿನಿಂದ ಮೂಲೆ ತಡವಿದಳು, ಏನೂ ಸಿಗಲಿಲ್ಲ. ಆಮೇಲೆ ಕಣ್ಣಿನ ಹತ್ತಿರ ತಂದಳು.

"ಯಾವ್ದೋ ಇದು?"

"ಅನುಭವಸಾರ, ದೊಡ್ಡವ್ವ."

"ಅನುಭವಸಾರ ನಾಕು ಗೆರೀದಲ್ಲೇನೋ? ಮೂರ್ಯಾಕ ಹಾಕೀ?"

ತ್ರಿಪದಿಯ ಮಾತು ಬಾಯಿಗೆ ಬಂದದ್ದು ಅಲ್ಲೇ ನಿಂತಿತು. ಆ ಮನೆಯಲ್ಲಿ ಅದು ನಾಲ್ಕು ಗೆರೆಯದೇ. ಎಷ್ಟೋ ವರ್ಷಗಳ ಸಂಜೆಗಳು ಅದನ್ನು ಹಾಗೆ ಮಾಡಿದ್ದವು. ಚಿಹ್ನೆಯ ಅರ್ಥ ಅದನ್ನು ಬರೆದವನ ಜಾಣತನದಲ್ಲಿ ಇರುವುದಿಲ್ಲ, ಅದನ್ನು ಕೇಳಿ ಕೊಟ್ಟು ಬಳಸಿದವರ ನಡುವೆ ಕೂಡಿಬರುತ್ತದೆ. ನನ್ನ ಮೂರು ಗೆರೆಗೆ ಆ ಬಳಕೆ ಇನ್ನೂ ಸಿಗಬೇಕಿತ್ತು.

ಮುಂದಿನ ಸಲ ಹೋದಾಗ ಗೂಡಿನಲ್ಲಿ ಹೊಸ ಪುಸ್ತಕ ಹಳೆಯದರ ಪಕ್ಕದಲ್ಲೇ ಕೂತಿತ್ತು. ಅದಕ್ಕೂ ಇಳಕಲ್ ಅರಿವೆಯ ಹೊದಿಕೆ, ಮೂಲೆಯಲ್ಲಿ ಬಿಳಿ ದಾರದ ನಾಲ್ಕು ಗೆರೆ. ನನ್ನ ಮೂರು ಒಳಗೆ ಉಳಿದಿದ್ದವು.