ಅರಮನೆಯ ನಿಲುವಂಗಿ, ತಾಂಡಾದ ಕಾಂಚಳಿ

ವಿದೇಶಕ್ಕೆ ಓದಲು ಹೋದವರು ರಜೆ ಸಿಕ್ಕಾಗ ಅಲ್ಲಿನ ಅರಮನೆ, ವಸ್ತುಸಂಗ್ರಹಾಲಯಗಳನ್ನು ನೋಡಿ ಊರಿಗೆ ಚಿತ್ರ ಕಳಿಸುವುದುಂಟು. ಇಟಲಿಯ ಫ್ಲಾರೆನ್ಸ್ ನಗರದ ಪಿಟ್ಟಿ ಅರಮನೆ ಅಂಥದೊಂದು ಜಾಗ. ಅಲ್ಲಿ 1983ರಲ್ಲಿ ಉಡುಪುಗಳಿಗಾಗಿಯೇ ಒಂದು ಸಂಗ್ರಹಾಲಯ ತೆರೆದರು. ಫ್ಲಾರೆನ್ಸಿನ ದೊರೆ ಮೊದಲನೆಯ ಕೊಸಿಮೊ, 1562ರಲ್ಲಿ ತೀರಿಕೊಂಡ ಅವನ ಹೆಂಡತಿ ಎಲಿಯೊನೊರಾ ಮತ್ತು ಮಗ ಗಾರ್ಸಿಯಾ ಇವರ ಸಮಾಧಿಗಳಿಂದ ತೆಗೆದ ಬಟ್ಟೆಗಳು ಆ ಸಂಗ್ರಹದಲ್ಲಿವೆ. ಚಿಂದಿಯಾಗಿದ್ದ ಅವನ್ನು ತಜ್ಞರು ವರ್ಷಗಟ್ಟಲೆ ಶ್ರಮಪಟ್ಟು ಉಳಿಸಿದ್ದಾರೆ.

ಚಿಂದಿ ಬಟ್ಟೆಗೆ ಇಷ್ಟು ಶ್ರಮ ಯಾಕೆ? ಬ್ರೊಂಜಿನೊ ಎಂಬ ಕಲಾವಿದ ಎಲಿಯೊನೊರಾಳ ಪ್ರಸಿದ್ಧ ಚಿತ್ರವೊಂದನ್ನು ಬರೆದಿದ್ದಾನೆ. ಆ ಚಿತ್ರದಲ್ಲಿರುವ ಉಡುಪಿನಲ್ಲೇ ಆಕೆಯನ್ನು ಹೂಳಿದರೆಂದು ಬಹುಕಾಲ ನಂಬಲಾಗಿತ್ತು. ಬಟ್ಟೆಯನ್ನೇ ಪರೀಕ್ಷಿಸಿದಾಗ ಅದು ಬೇರೆ ಉಡುಪೆಂದು ತಿಳಿಯಿತು. ಒಂದು ಆಧಾರ ಹೇಳಿದ್ದನ್ನು ಇನ್ನೊಂದು ಆಧಾರ ತಿದ್ದಿತು. ಇತಿಹಾಸದ ಪಾಠದಲ್ಲಿ ಮಕ್ಕಳಿಗೆ ಕಲಿಸಬೇಕಾದದ್ದು ಇದನ್ನೇ.

ನಮ್ಮ ಅಭ್ಯಾಸ ಬೋಧನೆಯಲ್ಲಿ ಆಗುತ್ತಿರುವುದೇನು? ವಿಜಯನಗರ ಸಾಮ್ರಾಜ್ಯದ ಪಾಠ ಬಂದಾಗ ‘ಸಾಮಾಜಿಕ ಜೀವನ’ ಎಂಬ ಉಪಶೀರ್ಷಿಕೆಯ ಕೆಳಗೆ ‘ಜನರು ಹತ್ತಿ ಮತ್ತು ರೇಷ್ಮೆ ಬಟ್ಟೆ ಧರಿಸುತ್ತಿದ್ದರು’ ಎಂಬ ಒಂದು ಸಾಲು ಕಪ್ಪುಹಲಗೆಯ ಮೇಲೆ ಬೀಳುತ್ತದೆ. ಪಕ್ಕದಲ್ಲಿ ಒಂದು ಚಾರ್ಟು ತೂಗುತ್ತದೆ. ಮೇಲ್ವಿಚಾರಕರು ಬೋಧನೋಪಕರಣದ ಕಾಲಂನಲ್ಲಿ ‘ಉತ್ತಮ’ ಎಂದು ಬರೆಯುತ್ತಾರೆ. ಮಕ್ಕಳು ಏನನ್ನೂ ಮುಟ್ಟಿ ನೋಡಿಲ್ಲ, ಏನನ್ನೂ ಕೇಳಿಲ್ಲ.

ಇದೇ ಪಾಠವನ್ನು ಒಂದು ಟೋಪಿಯಿಂದ ಶುರುಮಾಡಬಹುದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯ ಚಿನ್ನದ ಹೂಗಳ ಕಸೂತಿಯಿದ್ದ ಬಿಳಿ ಬಟ್ಟೆ ತೊಟ್ಟು, ಜರಿಯ ಟೋಪಿ ಇಟ್ಟಿದ್ದನೆಂದು ಬರೆದಿದ್ದಾನೆ. ಲೇಪಾಕ್ಷಿಯ ಭಿತ್ತಿಚಿತ್ರಗಳಲ್ಲಿ ಉದ್ದನೆಯ ಅಂಗಿ, ಎತ್ತರದ ಟೋಪಿ ಧರಿಸಿದ ಗಂಡಸರನ್ನು ಇಂದಿಗೂ ಕಾಣಬಹುದು. ಆ ಅಂಗಿ ಕಬಾಯಿ, ಆ ಟೋಪಿ ಕುಲ್ಲಾಯಿ. ಮೊದಲ ಪದದ ಮೂಲ ಅರಬ್ಬಿ, ಎರಡನೆಯದರದು ಪಾರ್ಸಿ. ನಮ್ಮ ಮನೆಗಳಲ್ಲಿ ಕೂಸಿನ ತಲೆಗೆ ಹಾಕುವ ಕುಲಾವಿಯೂ ಅದೇ ಬಳಗದ ಮಾತು. ತರಗತಿಗೆ ಒಂದು ಕುಲಾವಿ ತಂದು, ಈ ಹೆಸರು ಎಲ್ಲಿಂದ ಬಂತು ಎಂದು ಕೇಳಿದರೆ ಹಂಪಿಗೂ ಪರ್ಶಿಯಾಕ್ಕೂ ಇದ್ದ ನಂಟು ಹತ್ತು ನಿಮಿಷದಲ್ಲಿ ಮನದಟ್ಟಾಗುತ್ತದೆ.

ಇನ್ನೂ ಹತ್ತಿರದ ಆಧಾರ ತಾಂಡಾಗಳಲ್ಲಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಐದೂ ತಾಲ್ಲೂಕುಗಳ ಶಾಲೆಗಳಲ್ಲಿ ಲಂಬಾಣಿ ಮಕ್ಕಳಿದ್ದಾರೆ. ಅವರ ಅಜ್ಜಿಯರ ಪೆಟ್ಟಿಗೆಯಲ್ಲಿ ಫೇಟಿಯಾ, ಕಾಂಚಳಿ, ಛಾಂಟಿಯಾ ಇನ್ನೂ ಇರಬಹುದು. ಹಳೆಯ ಉಡುಪಿಗೆ ಹೊಲಿದ ನಾಣ್ಯದ ಮೇಲೆ ಇಸವಿ ಇರುತ್ತದೆ. ಆ ನಾಣ್ಯವನ್ನು ಆ ಇಸವಿಗಿಂತ ಮುಂಚೆ ಹೊಲಿದಿರಲು ಸಾಧ್ಯವಿಲ್ಲ. ಆದರೆ ಉಡುಪು ಅದಕ್ಕಿಂತ ಹಳೆಯದಾಗಿರಬಹುದು, ನಾಣ್ಯವನ್ನು ಆಮೇಲೆ ಸೇರಿಸಿರಬಹುದು. ಈ ಎರಡು ಮಾತನ್ನು ಎಂಟನೇ ತರಗತಿಯ ಮಗು ತಾನೇ ಕಂಡುಕೊಂಡರೆ ಆಧಾರ ಎಂದರೇನು ಎಂಬುದನ್ನು ಬೇರೆಯಾಗಿ ವಿವರಿಸಬೇಕಿಲ್ಲ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿ ಊರೂರು ಸಾಗುತ್ತಿದ್ದ ಈ ಜನರ ಕಸುಬು ರೈಲು, ರಸ್ತೆ ಬಂದ ಮೇಲೆ ಕುಸಿದ ಕಥೆಯೂ ಅಲ್ಲಿಂದಲೇ ಬಿಚ್ಚಿಕೊಳ್ಳುತ್ತದೆ.

ಪಕ್ಕದ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ–20 ಸಂಸ್ಕೃತಿ ಸಭೆ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರದ ಲಂಬಾಣಿ ಮಹಿಳೆಯರ ಕೈಕೆಲಸದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಹೊರಗಿನವರು ಬಂದು ಮೆಚ್ಚಿದ್ದು ನಮ್ಮ ಪಾಠ ಯೋಜನೆಗೆ ಇನ್ನೂ ಬಂದಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ಶಾಲೆಗಳಲ್ಲಿ ಈ ಉಡುಪು ಬರುವುದೇ ಇಲ್ಲವೆಂದಲ್ಲ. ಆಗಸ್ಟ್ 15ಕ್ಕೆ, ವಾರ್ಷಿಕೋತ್ಸವಕ್ಕೆ ವೇಷವಾಗಿ ಬರುತ್ತದೆ. ಬಾಡಿಗೆಗೆ ತಂದ ಬಟ್ಟೆ, ಎರಡು ನಿಮಿಷದ ಕುಣಿತ, ಚಪ್ಪಾಳೆ. ತನ್ನ ಅಜ್ಜಿ ದಿನವೂ ಉಟ್ಟ ಬಟ್ಟೆ ಎಲ್ಲರಿಗೂ ವೇಷವಾಗಿ ಕಂಡಾಗ ಆ ಮಗು ಕಲಿಯುವುದೇನು? ಹಾಗೆಯೇ ಮೈಲಾರದ ಗೊರವಯ್ಯನ ಕರಿಕಂಬಳಿ ಭಕ್ತಿಯ ಉಡುಪು, ತಮಾಷೆಯ ವಸ್ತುವಲ್ಲ. ಆದ್ದರಿಂದ ಪ್ರಶಿಕ್ಷಣಾರ್ಥಿ ಮನೆಯವರ ಒಪ್ಪಿಗೆ ಪಡೆದೇ ಉಡುಪನ್ನು ತರಬೇಕು. ಯಾವ ಮಗುವನ್ನೂ ಎದ್ದು ನಿಲ್ಲಿಸಿ ಮಾದರಿಯಂತೆ ತೋರಿಸಬಾರದು. ಬಟ್ಟೆಯ ಭಾಗಗಳಿಗೆ ಅದನ್ನು ಉಡುವವರ ಮಾತಿನ ಹೆಸರನ್ನೇ ಬಳಸಬೇಕು. ಸಾಧ್ಯವಾದರೆ ಹೊಲಿದ ಅಜ್ಜಿಯನ್ನೇ ಕರೆದು ಕುರ್ಚಿ ಕೊಟ್ಟು ಕೂರಿಸಬೇಕು. ಅವತ್ತಿನ ಮಟ್ಟಿಗೆ ಮೇಷ್ಟ್ರು ಅವರೇ.

ಸಮಯ ಎಲ್ಲಿದೆ, ಪಠ್ಯ ಮುಗಿಯಬೇಡವೇ ಎಂಬ ಆಕ್ಷೇಪ ಬರುತ್ತದೆ. ಅಭ್ಯಾಸ ಬೋಧನೆಯ ದಿನಗಳು ಕಡಿಮೆ ಎಂಬುದು ನಿಜ. ಆದರೆ ಒಂದು ಚಾರ್ಟು ಬರೆಯಲು ಪ್ರಶಿಕ್ಷಣಾರ್ಥಿ ಒಂದು ರಾತ್ರಿ ಕಳೆಯುತ್ತಾನೆ. ಅದೇ ಹೊತ್ತನ್ನು ತಾಂಡಾದ ಒಂದು ಮನೆಯ ಜಗಲಿಯಲ್ಲಿ ಕಳೆದರೆ ಖರ್ಚೂ ಉಳಿಯುತ್ತದೆ, ಪಾಲಕರ ಪರಿಚಯವೂ ಆಗುತ್ತದೆ.

ಪಿಟ್ಟಿ ಅರಮನೆಯ ನಿಲುವಂಗಿಯನ್ನು ತೊಟ್ಟವಳೂ ಇಲ್ಲ, ಹೊಲಿದವರೂ ಇಲ್ಲ; ಪ್ರಶ್ನೆ ಕೇಳಬೇಕಾದದ್ದು ನೂಲನ್ನೇ. ನಮ್ಮಲ್ಲಿ ಹೊಲಿದ ಕೈಗಳು ಇನ್ನೂ ಇವೆ, ಆದರೆ ಬಹಳ ದಿನ ಇರಲಾರವು. ಆದ್ದರಿಂದ ನನ್ನ ಸಲಹೆ ಇಷ್ಟೆ: ಸಮಾಜ ವಿಜ್ಞಾನದ ಪ್ರತಿ ಪ್ರಶಿಕ್ಷಣಾರ್ಥಿ ಒಂದು ಪಾಠವನ್ನಾದರೂ ನಿಜವಾದ ಒಂದು ಬಟ್ಟೆಯನ್ನಿಟ್ಟುಕೊಂಡು ಮಾಡಲಿ. ಅದು ಯಾರದು, ಯಾರು ಮಾಡಿದರು, ಯಾವಾಗ ಉಡುತ್ತಿದ್ದರು, ಯಾರ ಒಪ್ಪಿಗೆ ಪಡೆದೆವು ಎಂಬುದನ್ನು ಕಾಲೇಜಿನ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಮೇಲ್ವಿಚಾರಕರು ವೀಕ್ಷಣಾ ನಮೂನೆಯಲ್ಲಿ ಉಪಕರಣದ ಅಂದಕ್ಕೆ ಅಂಕ ಕೊಡುವ ಬದಲು, ಮಕ್ಕಳು ಕೇಳಿದ ಪ್ರಶ್ನೆಗಳನ್ನು ಎಣಿಸಲಿ.